ಅಕ್ಕ ಮುಚ್ಚಿದ ತೂತು

ಅಕ್ಕನ ಕಣ್ಣು ಹೋಗುತ್ತಿದೆ ಎಂಬುದು ನನಗೆ ತಿಳಿದದ್ದು ಒಂದು ತೂತಿನಿಂದ. ಬೆಂಕಿಕಡ್ಡಿಯಷ್ಟು ದಪ್ಪದ ತೂತು. ಮನೆಯಲ್ಲಿ ಜೋಡಿಸಲೆಂದು ನಾನು ತರಿಸಿದ್ದ ಎಲೆಕ್ಟ್ರಿಕ್ ಗಿಟಾರಿನ ಕಟ್ಟಿಗೆಯೊಳಗೆ ಅದು ಇರಬೇಕಾಗಿತ್ತು. ಇರಲಿಲ್ಲ.

ನಾನು ಹುಕ್ಕೇರಿಯ ಕೋರ್ಟಿನಲ್ಲಿ ಬೆರಳಚ್ಚುಗಾರ. ಸಾಕ್ಷಿಗಳು ಹೇಳಿದ್ದನ್ನು ಟೈಪು ಮಾಡುವುದು ನನ್ನ ಕೆಲಸ. ನೀನು ಕಂಡದ್ದನ್ನು ಹೇಳು, ಅಂದುಕೊಂಡದ್ದನ್ನು ಹೇಳಬೇಡ ಎಂಬ ಮಾತು ಅಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಇಲ್ಲಿಯೂ ಕಂಡದ್ದನ್ನು ಕಂಡ ಹಾಗೆಯೇ ಬರೆಯಲು ನೋಡುತ್ತೇನೆ. ಆದರೆ ಈ ಸಂಗತಿಯಲ್ಲಿ ಎರಡನ್ನೂ ಬೇರೆ ಮಾಡುವುದು ನನಗೆ ಇನ್ನೂ ಆಗಿಲ್ಲ.

ಅಕ್ಕ ಗೋಕಾಕದಲ್ಲಿ ಒಬ್ಬಳೇ ಇದ್ದಳು. ಅವಳ ಗಂಡನ ಮನೆಯವರು ಕಟ್ಟಿಗೆಯ ಗೊಂಬೆ, ಕಟ್ಟಿಗೆಯ ಹಣ್ಣು ಮಾಡುವವರು. ಮದುವೆಯಾಗಿ ಹೋದ ವರ್ಷವೇ ಅತ್ತೆಯ ಪಕ್ಕದಲ್ಲಿ ಕೂತು ಬಣ್ಣದ ಕೆಲಸ ಕಲಿತಳು. ಅತ್ತೆ ಹೋದಳು, ಆಮೇಲೆ ಗಂಡನೂ ಹೋದ. ಮಕ್ಕಳಿಲ್ಲ. ಮೂಡಲಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನಮ್ಮಣ್ಣ ಆಗಲೇ ಅವಳನ್ನು ಕರೆದೊಯ್ಯಲು ಬಂದಿದ್ದ. ಅಕ್ಕ ಹೊಸ್ತಿಲ ಮೇಲೆ ಕೂತು ಒಂದೇ ಮಾತು ಹೇಳಿದ್ದಳು: "ಕೈ, ಕಣ್ಣು ಗಟ್ಟಿ ಇರೂ ತನಕ ಇಲ್ಲೇ ಇರ್ತೀನಣ್ಣಾ. ಅವು ಕೈ ಕೊಟ್ಟ ದಿನ ನೀ ಕರೀಬ್ಯಾಡ, ನಾನ ಬರ್ತೀನಿ." ಅಣ್ಣ ಆ ಮಾತನ್ನು ಮರೆಯುವವನಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ಅವಳ ಮುಖ ನೋಡಿ, "ಕಣ್ಣ ಹೆಂಗದಾವ?" ಎಂದು ಕೇಳುತ್ತಿದ್ದ. ಅವನು ಕೇಳುತ್ತಿದ್ದುದು ಪ್ರೀತಿಯಿಂದಲೇ. ಆದರೆ ಆ ಪ್ರಶ್ನೆಯ ಹಿಂದೆ ಆ ಮನೆಯ ಕೀಲಿ ಇದೆ ಎಂಬುದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗಿಟಾರಿನ ಹುಚ್ಚು ನನ್ನದು, ಹಳೆಯದು. ಹುಡುಗನಾಗಿದ್ದಾಗ ಯಾರದೋ ಮದುವೆಗೆ ಬಂದ ಆರ್ಕೆಸ್ಟ್ರಾದಲ್ಲಿ ಅದನ್ನು ಮೊದಲ ಸಲ ಕೇಳಿದ್ದೆ. ಊಟಕ್ಕೆ ಕರೆದರೂ ಏಳದೆ ಸ್ಪೀಕರಿನ ಮುಂದೆ ಕೂತಿದ್ದೆ. ಈಗ ನಡುವಯಸ್ಸು ದಾಟಿದ ಮೇಲೆ, ಬಿಡಿಬಿಡಿಯಾಗಿ ಬರುವ ಗಿಟಾರನ್ನು ನಾವೇ ಬಣ್ಣ ಹಚ್ಚಿ ಜೋಡಿಸಿಕೊಳ್ಳಬಹುದು ಎಂದು ಮೊಬೈಲಿನಲ್ಲಿ ನೋಡಿ ತರಿಸಿದೆ. ಕೊರಿಯರಿನವನು ತಂದಿಟ್ಟ ಪೆಟ್ಟಿಗೆಯನ್ನು ನನ್ನ ಹೆಂಡತಿ ಸುತ್ತು ಹಾಕಿ ನೋಡಿದಳು.

"ಏನ್ರಿ ಇದು, ಶವಪೆಟಗಿ ಹಂಗೈತಿ?"

"ಗಿಟಾರ್."

"ಬಾರ್ಸವರು ಯಾರ?"

"ನಾನ."

"ಹಂಗಾರ ಬಾಜೂ ಮನಿಯವರಿಗೆ ಮೊದಲ ಹೇಳಿ ಬರ್ತೀನಿ ತಡೀರಿ."

ಪೆಟ್ಟಿಗೆಯಲ್ಲಿ ಬಣ್ಣ ಕಾಣದ ಕಟ್ಟಿಗೆಯ ಒಡಲು, ಉದ್ದನೆಯ ಕತ್ತು, ತಂತಿಗಳು, ಅವನ್ನು ಬಿಗಿಯುವ ಕಿವಿಗಳು, ಸ್ಕ್ರೂಗಳ ಪುಡಿಕೆ, ತಂತಿಯ ಮಿಡಿತವನ್ನು ಕರೆಂಟಿಗೆ ತಿರುಗಿಸುವ ಪಿಕಪ್ಪು, ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಗಳು ಇದ್ದವು. ಜೋಡಿಸುವುದು ನನ್ನಿಂದ ಆಗಬಹುದು ಅನಿಸಿತು. ಬಣ್ಣ ಆಗುವುದಿಲ್ಲ. ನಮ್ಮ ಮನೆಯ ಕಿಟಕಿಗೆ ನಾನು ಹಚ್ಚಿದ ಬಣ್ಣ ಇವತ್ತಿಗೂ ಇಳಿದ ಕಣ್ಣೀರಿನ ಹಾಗೆ ನಿಂತಿದೆ. ಅಕ್ಕನಿಗೆ ಫೋನು ಮಾಡಿದೆ.

"ಬಣ್ಣ ಹಚ್ಚೂದಲ್ಲ? ತಗೊಂಡ ಬಾ. ಆದರ ಅಂಗಡಿ ಬಣ್ಣ ತರಬ್ಯಾಡ. ನನ್ನ ಕಡೆ ಐತಿ."

ಭಾನುವಾರ ಒಡಲನ್ನು ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಸುತ್ತ ಸವರಿದಳು. ಕೂಸಿನ ಮೈಗೆ ಎಣ್ಣೆ ಹಚ್ಚುವವರು ಹಾಗೆ ಸವರುತ್ತಾರೆ.

"ಇದೇನೋ ತಮ್ಮಾ, ಲಟ್ಟಸೂ ಮಣಿ ಸೊಟ್ಟಾಗೇತಿ?"

"ಸೊಟ್ಟ ಇದ್ದರ ಛಲೋ ಬಾರಸ್ತೈತಿ ಅಕ್ಕಾ."

"ಹಂಗಾರ ನಿಮ್ಮಣ್ಣನ್ನೂ ಬಾರ್ಸಬಹುದು ಬಿಡು," ಎಂದಳು. ಇಬ್ಬರೂ ನಕ್ಕೆವು.

ಅವಳು ಕೆಲಸ ಮಾಡುವುದು ಪಡಸಾಲೆಯ ಒಂದು ಮೂಲೆಯಲ್ಲಿ. ಬಲಕ್ಕೆ ಹುಣಸೆ ಬೀಜದ ಅಂಟಿನ ಬೋಗುಣಿ, ಅದರ ಆಚೆ ಬಿಳಿ ಮಣ್ಣಿನ ಡಬ್ಬಿ, ಮುಂದೆ ನೀರಿನ ತಂಬಿಗೆ, ಎಡಕ್ಕೆ ಬ್ರಷ್ಷುಗಳು. ಹುಣಸೆ ಬೀಜವನ್ನು ನೆನೆಹಾಕಿ, ಅರೆದು, ಕುದಿಸಿ ಆ ಅಂಟು ಮಾಡುತ್ತಾರೆ. ಅದರಲ್ಲಿ ಕಟ್ಟಿಗೆಯ ಹುಡಿ ಕಲಸಿದರೆ ಬಿರುಕು ತುಂಬುವ ಲಪ್ಪ, ಬಿಳಿ ಮಣ್ಣು ಕಲಸಿದರೆ ಬಣ್ಣದ ಕೆಳಗಿನ ಅಸ್ತರಿ. ಅವರ ಕೆಲಸದ ಮೊದಲ ನಿಯಮವೆಂದರೆ, ಬಣ್ಣ ಬೀಳುವ ಮುನ್ನ ಕಟ್ಟಿಗೆಯಲ್ಲಿ ಒಂದು ತೂತೂ ಉಳಿಯಬಾರದು. ಮೆತ್ತಗಿನ ಕಟ್ಟಿಗೆಗೆ ಹುಳ ಬೇಗ ಬೀಳುತ್ತದೆ. ಒಂದು ತೂತು ಬಿಟ್ಟರೆ ಹಣ್ಣು ಒಳಗಿನಿಂದಲೇ ಹುಡಿಯಾಗಿ ಹೋಗುತ್ತದೆ. "ಹುಳ ಒಳಗಿದ್ದರ ಉಸರಗಟ್ಟಿ ಸಾಯ್ಬೇಕು, ಹೊರಗಿದ್ದರ ಬಾಗಲಾ ಸಿಗಬಾರದು," ಎಂದು ಅವಳ ಅತ್ತೆ ಹೇಳುತ್ತಿದ್ದಳಂತೆ.

ನಾನು ಕುಡಿಯಲು ತಂಬಿಗೆ ತೆಗೆದುಕೊಂಡು ಪಕ್ಕಕ್ಕೆ ಇಟ್ಟೆ. ಅಕ್ಕನ ಕೈ ಮುಂದೆ ಹೋಗಿ, ತಂಬಿಗೆ ಇದ್ದ ಕಡೆಯ ಬರಿ ನೆಲವನ್ನು ಮುಟ್ಟಿ ನಿಂತಿತು.

"ಎತ್ತಿದ್ದನ್ನ ಎತ್ತಿದಲ್ಲೇ ಇಡಬೇಕೋ. ಸಾಲಿ ಕಲತೀಯೋ, ದನಾ ಕಾದೀಯೋ?"

ಸಿಟ್ಟು ಸ್ವಲ್ಪ ಜಾಸ್ತಿಯೇ ಇತ್ತು. ನಾನು ತಂಬಿಗೆಯನ್ನು ಅದರ ಜಾಗಕ್ಕೆ ಸರಿಸಿದೆ. ಮೂಲೆಯಲ್ಲಿ ಒಣಗಲು ಇಟ್ಟಿದ್ದ ಸಾಲಿನಲ್ಲಿ ಬರೀ ಹಣ್ಣುಗಳಿದ್ದವು. ಪೇರಲ, ಸೀತಾಫಲ, ಮಾವು. ಮೊದಲೆಲ್ಲ ಅಲ್ಲಿ ಹೆಣ್ಣು, ಗಂಡು, ಗಿಳಿ, ಸಿಪಾಯಿ ಎಲ್ಲ ಇರುತ್ತಿದ್ದವು.

"ಗೊಂಬಿ ಬಿಟ್ಟೇನ ಅಕ್ಕಾ?"

"ಮಾರಿ ಬರದು ಬರದು ಬ್ಯಾಸರಾತು. ಹಣ್ಣಿಗೆ ಕಣ್ಣು ಮೂಗು ಬರಿಯೂದಿಲ್ಲ, ಆರಾಮ."

ಒಡಲು ಅವಳ ಮನೆಯಲ್ಲಿ ಉಳಿಯಿತು. ಭಾನುವಾರಗಳಂದು ನಾನು ಹೋಗುತ್ತಿದ್ದೆ. ಅಸ್ತರಿ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚುತ್ತಿದ್ದಳು. ಕೆನ್ನೆಗೆ ಒತ್ತಿಕೊಂಡು ಒಣಗಿದೆಯೋ ಇಲ್ಲವೋ ನೋಡುತ್ತಿದ್ದಳು. ಇದು ಆ ಕೆಲಸದವರ ರೂಢಿ ಎಂದುಕೊಂಡಿದ್ದೆ. ಯಾವ ಬಣ್ಣ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಕೊನೆಗೆ ಹೋದಾಗ ನನ್ನ ಗಿಟಾರು ಒಂದು ಮಾವಿನ ಹಣ್ಣಾಗಿತ್ತು. ನಡುವೆ ತುಂಬಿದ ಹಳದಿ, ಅಂಚಿಗೆ ಹೋಗುತ್ತ ಕೇಸರಿ, ಇನ್ನೂ ಅಂಚಿಗೆ ಕೆಂಪು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಹೇಳಲು ಬಾರದ ಹಾಗೆ. ಕತ್ತು ಕೂಡುವ ಕಡೆ, ತೊಟ್ಟಿನ ಹತ್ತಿರ, ಒಂದಿಷ್ಟು ಹಸಿರು. ಮೇಲೆ ವಾರ್ನಿಶಿನ ಹೊಳಪು. ಕೆಳಗಿನ ಎಡ ಮೂಲೆಯಲ್ಲಿ ಮಾತ್ರ ಕೆಂಪು ಇರಲಿಲ್ಲ. ಹಳದಿಯೇ ಅಂಚಿನವರೆಗೆ ಹೋಗಿತ್ತು.

ಅದನ್ನು ನಾನು ಕಂಡೆ. ಮಾವಿನ ಹಣ್ಣಿಗೆ ಬಿಸಿಲು ಬಿದ್ದ ಕೆನ್ನೆಯಷ್ಟೇ ಕೆಂಪಾಗುತ್ತದೆ, ಅಕ್ಕ ಬೇಕೆಂದೇ ಹಾಗೆ ಮಾಡಿದ್ದಾಳೆ ಎಂದು ಅಂದುಕೊಂಡೆ. ಕಂಡದ್ದು ಒಂದು, ಅಂದುಕೊಂಡದ್ದು ಒಂದು.

ಹುಕ್ಕೇರಿಯ ಮನೆಯಲ್ಲಿ, ಕೋರ್ಟಿಗೆ ರಜೆ ಇದ್ದ ದಿನ, ಚಾಪೆ ಹಾಸಿ ಜೋಡಿಸಲು ಕೂತೆ. ಕತ್ತನ್ನು ಅದರ ಗೂಡಿನಲ್ಲಿ ಕೂರಿಸುವಾಗ ಬಿಗಿಯಾಯಿತು. ಅಕ್ಕ ಆ ಗೂಡಿನೊಳಗೂ ಅಸ್ತರಿ ಹಚ್ಚಿದ್ದಳು. ಆ ಕೆಲಸದವರ ಕೈಗೆ ಬರಿ ಕಟ್ಟಿಗೆ ಬಿಟ್ಟು ಗೊತ್ತಿಲ್ಲ. ಅದನ್ನು ಮೆಲ್ಲಗೆ ಉಜ್ಜಿ ತೆಗೆದೆ. ಕತ್ತು ಕೂತಿತು. ಪಿಕಪ್ಪುಗಳು ಕೂತವು. ಬೆಸುಗೆ ಹಾಕಲು ಕಲಿಯುತ್ತ ಎರಡು ಬೆರಳು ಸುಟ್ಟುಕೊಂಡೆ. ಆಮೇಲೆ ಉಳಿದದ್ದು ಒಂದು ವೈರು. ಗಿಟಾರಿನ ತಂತಿಗಳು ಬಂದು ನಿಲ್ಲುವ ಲೋಹದ ತಟ್ಟೆಗೆ ಬ್ರಿಜ್ ಎನ್ನುತ್ತಾರೆ. ಅದರ ಕೆಳಗಿನಿಂದ ಒಂದು ಸಣ್ಣ ತೂತು ಕಟ್ಟಿಗೆಯೊಳಗೆ ಓರೆಯಾಗಿ ಹಾದು ಗುಂಡಿಗಳ ಕುಳಿಗೆ ಹೋಗುತ್ತದೆ. ಆ ತೂತಿನೊಳಗೆ ಅರ್ಥ್ ವೈರು ಎಳೆಯಬೇಕು. ಮನೆಯ ಕರೆಂಟಿಗೆ ಅರ್ಥ್ ಹೇಗೋ ಇದಕ್ಕೂ ಹಾಗೆ. ಇಲ್ಲದಿದ್ದರೆ ಗುಂಯ್ ಎನ್ನುವ ಸದ್ದು ಹೋಗುವುದಿಲ್ಲ.

ಬ್ರಿಜ್ ಕೂರುವ ಜಾಗದಲ್ಲಿ ಹಳದಿ ಬಣ್ಣ ನುಣ್ಣಗಿತ್ತು. ಕುಳಿಯೊಳಗೆ ಟಾರ್ಚು ಬಿಟ್ಟು ನೋಡಿದೆ. ಅಲ್ಲಿಯೂ ತೂತಿರಲಿಲ್ಲ. ಇರಬೇಕಾದ ಕಡೆ ಕಟ್ಟಿಗೆಯ ಹುಡಿಯ ಲಪ್ಪ ಇತ್ತು. ಅದರ ಮೇಲೆ ಹೆಬ್ಬೆರಳಿನ ಗೆರೆಗಳು ಒಣಗಿ ನಿಂತಿದ್ದವು.

ಫೋನು ಮಾಡಿದೆ.

"ಅಕ್ಕಾ, ನಡುವ ಒಂದು ಸಣ್ಣ ತೂತಿತ್ತೇನ?"

"ಇತ್ತಲ್ಲ. ಹುಳ ಹೊಡದಿತ್ತೋ. ಈ ಕಡಿಂದ ಆ ಕಡಿಗೆ ಹಾದು ಹೋಗಿತ್ತು. ಪ್ಯಾಟಿಯವರು ನಿನಗ ಹುಳಕ ಕಟಗಿ ಕೊಟ್ಟಾರ ನೋಡು. ಎರಡೂ ಬಾಯಿ ಗಟ್ಟಿ ತುಂಬೀನಿ, ಚಿಂತಿ ಮಾಡಬ್ಯಾಡ."

"ಹೂಂ," ಎಂದೆ.

"ಯಾಕ, ಏನಾತು?"

"ಏನಿಲ್ಲ. ಸುಮ್ನ ಕೇಳಿದೆ."

ಫೋನು ಇಟ್ಟು ಚಾಪೆಯ ಮೇಲೆ ಹಾಗೆಯೇ ಕೂತೆ. ಕಾರ್ಖಾನೆಯ ಬೈರಿಗೆ ಕೊರೆದ ತೂತು ಅದು. ಅಂಚು ಕಂಪಾಸಿನಿಂದ ಬರೆದ ಹಾಗೆ ದುಂಡಗಿರುತ್ತದೆ. ಹುಳದ ತೂತಿನ ಬಾಯಲ್ಲಿ ಹುಡಿ ಇರುತ್ತದೆ, ಅಂಚು ಹರಿದಿರುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳೇ ಅಕ್ಕ. ಕಣ್ಣಿನಿಂದ ನೋಡಿದ್ದರೆ ಅವಳು ತಪ್ಪುತ್ತಿರಲಿಲ್ಲ. ಬೆರಳಿಗೆ ಮಾತ್ರ ಎರಡೂ ಒಂದೇ.

ತಂಬಿಗೆ ನೆನಪಾಯಿತು. ಕೆನ್ನೆಗೆ ಒತ್ತಿಕೊಂಡ ಒಡಲು ನೆನಪಾಯಿತು. ಕಣ್ಣು ಮೂಗು ಬರೆಯಬೇಕಿಲ್ಲದ ಹಣ್ಣುಗಳು ನೆನಪಾದವು. ಕೆಂಪು ಇಲ್ಲದ ಮೂಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೆಂಪು ಬಣ್ಣ ತೆಳ್ಳಗಾಗುತ್ತ ಮುಗಿದಿರಲಿಲ್ಲ. ಒಂದು ಗೆರೆಯಲ್ಲಿ ತಟಕ್ಕನೆ ನಿಂತಿತ್ತು. ಅಲ್ಲಿಂದ ಆಚೆಗೆ ಕಟ್ಟಿಗೆ ಇದೆ ಎಂಬುದು ಬ್ರಷ್ಷು ಹಿಡಿದವಳಿಗೆ ಕಂಡಿರಲಿಲ್ಲ.

ಆ ವೈರನ್ನು ಬಿಟ್ಟು ಉಳಿದದ್ದನ್ನು ಜೋಡಿಸಿದೆ. ಸಣ್ಣ ಸ್ಪೀಕರಿಗೆ ಸಿಕ್ಕಿಸಿದ ಕೂಡಲೇ ಗುಂಯ್ ಎಂದಿತು. ತಂತಿ ಮೀಟಿದರೆ ಸ್ವರ ಬರುತ್ತಿತ್ತು, ಅದರ ಹಿಂದೆ ಗುಂಯ್ ಬಿಡದೆ ಇರುತ್ತಿತ್ತು. ತಂತಿಯ ಮೇಲೆ ಅಂಗೈ ಇಟ್ಟರೂ ನಿಲ್ಲುತ್ತಿರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಬಂದಳು. ಏನೋ ಚೇಷ್ಟೆ ಮಾಡಲೆಂದೇ ಬಂದವಳು ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ಅಕ್ಕಗ ಕಣ್ಣ ಕಾಣವಲ್ಲವು," ಎಂದೆ.

ಅವಳು ಚಾಪೆಯ ತುದಿಯಲ್ಲಿ ಕೂತಳು. "ಖರೇನ?" ಎಂದಳು. ಆಮೇಲೆ, "ಮೂಡಲಗಿಗೆ ಹೇಳಬ್ಯಾಡ್ರಿ, ಮೊದಲ ಅಕ್ಕಾರನ್ನ ಕೇಳ್ರಿ," ಎಂದಳು. ಅದೇ ವಾರ ಅಣ್ಣನ ಫೋನು ಬಂತು. ಅಂಗಡಿಯ ಮಾತು, ಮಳೆಯ ಮಾತು ಮುಗಿದ ಮೇಲೆ ಕೇಳಿದ, "ಗೋಕಾಕಕ್ಕ ಹೋಗಿದ್ದಿಯಂತಲ್ಲ. ಆಕಿ ಕಣ್ಣ ಹೆಂಗದಾವ?" ನಾನು ಹಣ್ಣು ಚೆನ್ನಾಗಿ ಮಾಡುತ್ತಿದ್ದಾಳೆ ಎಂದೆ. ಅದು ಸುಳ್ಳಲ್ಲ.

ಮುಂದಿನ ಭಾನುವಾರ ಗಿಟಾರು, ಸ್ಪೀಕರು, ಬೆಸುಗೆಯ ಸಾಮಾನು, ಉಳಿದಿದ್ದ ಆ ವೈರು ತೆಗೆದುಕೊಂಡು ಗೋಕಾಕಕ್ಕೆ ಹೋದೆ. ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ಬಸ್ಸಿನಲ್ಲಿ ವಾಕ್ಯ ಕಟ್ಟುತ್ತ ಹೋದೆ. ಯಾವುದೂ ಬೇಕಾಗಲಿಲ್ಲ. ಅಕ್ಕ ಕಿವಿಯಲ್ಲೇ ಹಿಡಿದಳು.

"ಏನದು ಗುಂಯ್ ಗುಂಯ್? ಜೇನ ಕಟ್ಯಾವೇನ?"

"ಒಂದು ವೈರ್ ಕಮ್ಮಿ ಐತಿ."

"ಹಾಕಬೇಕಲ್ಲ?"

"ಅದು ಹೋಗೂ ಹಾದಿ ಮುಚ್ಚೇತಿ ಅಕ್ಕಾ."

ಅಕ್ಕ ಕೈಯಲ್ಲಿದ್ದ ಅರಿವೆಯನ್ನು ಮಡಚಿದಳು, ಬಿಚ್ಚಿದಳು. ಸ್ಪೀಕರು ಗುಂಯ್ ಎನ್ನುತ್ತಲೇ ಇತ್ತು. ನಾನು ಅದನ್ನು ಆರಿಸಿದೆ.

"ಹುಳದ್ದಲ್ಲೇನ ಅದು?"

"ಅಲ್ಲ."

"ದುಂಡಗ ಇತ್ತು," ಎಂದಳು. "ಬೆರಳಿಗೆ ದುಂಡಗ ಹತ್ತಿತ್ತು. ಎಷ್ಟ ನೀಟ ಕೊರದೈತಿ ಈ ಹುಳ ಅಂತ ಅಂದ್ಕೊಂಡೆ ನಾ." ನಗಲು ಹೋದಳು. ನಗು ಅರ್ಧಕ್ಕೆ ನಿಂತಿತು. "ನಡುವಿಂದು ಇನ್ನಾ ಕಾಣತೈತೋ ತಮ್ಮಾ. ಕೊಳವಿ ಒಳಗಿಂದ ನೋಡಿದಂಗ. ಬಾಜೂಕಿನದು ಹೋಗಿ ಭಾಳ ದಿವಸಾತು. ಬಲಗಣ್ಣಿಗೆ ಈಗ ಅದೂ ಇಲ್ಲ."

"ಯಾಕ ಹೇಳಲಿಲ್ಲ ಅಕ್ಕಾ?"

"ಯಾರಿಗೆ ಹೇಳ್ಲಿ? ನಿನಗ ಹೇಳಿದರ ಅಣ್ಣಗ ಹೇಳಿದಂಗ. ಅಣ್ಣಗ ಹೇಳಿದರ ಕೀಲಿ ಹಾಕಿದಂಗ." ಕೈಯನ್ನು ಪಡಸಾಲೆಯ ಉದ್ದಕ್ಕೂ ಆಡಿಸಿದಳು. "ಇಲ್ಲಿ ನನಗ ಕಣ್ಣ ಬೇಕಾಗಿಲ್ಲೋ. ಬೋಗುಣಿ ಎಲ್ಲೈತಿ, ಕೊಡಾ ಎಲ್ಲೈತಿ, ಹೊಸ್ತಲಾ ಎಷ್ಟ ಎತ್ತರೈತಿ, ಎಲ್ಲಾ ಕಾಲಿಗೆ ಗೊತ್ತೈತಿ. ಇನ್ನೊಂದು ಮನಿ ಕಲಿಯೂ ವಯಸ್ಸೇನ ಇದು?"

ಆಮೇಲೆ ಅವಳೇ ಕೈ ಚಾಚಿ, "ಕೊಡು ಇಲ್ಲೆ," ಎಂದಳು. ನಾನು ತಂತಿ ಸಡಿಲಿಸಿ, ಬ್ರಿಜ್ ಬಿಚ್ಚಿ ಒಡಲನ್ನು ಅವಳ ತೊಡೆಯ ಮೇಲಿಟ್ಟೆ. ತೂತು ಇದ್ದ ಜಾಗ ನನ್ನ ಕಣ್ಣಿಗೆ ಈಗಲೂ ಕಾಣುತ್ತಿರಲಿಲ್ಲ. ಅಕ್ಕ ತೋರುಬೆರಳನ್ನು ಹಳದಿಯ ಮೇಲೆ ಮೆಲ್ಲಗೆ ಎಳೆಯುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು.

"ಇಲ್ಲೈತಿ. ಲಪ್ಪ ಒಣಗಿದ ಮ್ಯಾಲ ಒಂಚೂರು ಕುಂದತೈತಿ. ಕೂಸಿನ ನೆತ್ತಿ ಹಂಗ."

ನನ್ನ ಬೆರಳು ಹಿಡಿದು ಅಲ್ಲಿ ಇಟ್ಟಳು. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ.

ದಬ್ಬಣ ತರಿಸಿಕೊಂಡಳು. ವಾರ್ನಿಶನ್ನು ಚುಚ್ಚಿ ಒಂದು ಹನಿ ನೀರು ಬಿಟ್ಟಳು. ಹುಣಸೆ ಬೀಜದ ಅಂಟು ನೀರಿಗೆ ಸಡಿಲಾಗುತ್ತದೆ. ಕಾದಳು, ತಿರುವಿದಳು, ಊದಿದಳು, ಮತ್ತೊಂದು ಹನಿ ಬಿಟ್ಟಳು. ತಾನೇ ತುಂಬಿದ್ದನ್ನು ತಾನೇ ಹೊರಗೆ ತೆಗೆಯುತ್ತಿದ್ದಳು. ಹಳದಿ ಬಣ್ಣದ ಮೇಲೆ ಒದ್ದೆ ಹುಡಿ ಸಣ್ಣ ಗುಡ್ಡೆಯಾಗಿ ಬಂತು. ಆ ಹೊತ್ತು ಅವಳು ಒಡಲನ್ನು ನೋಡುತ್ತಿರಲಿಲ್ಲ. ಮುಖ ಬಾಗಿಲ ಕಡೆಗಿತ್ತು. ನನ್ನೆದುರು ಮೊದಲ ಸಲ, ನೋಡುವವಳ ಹಾಗೆ ನಟಿಸದೆ ಕೆಲಸ ಮಾಡಿದಳು. ಅದನ್ನು ನೋಡುತ್ತ ಕೂಡುವುದು ನನಗೆ ಕಷ್ಟವಾಯಿತು. ಆದರೂ ನೋಡಿದೆ.

ಆಚೆ ಬಾಯಿಯೂ ಬಿಟ್ಟಿತು. ವೈರು ಹಾಯಿತು. ಅದರ ತುದಿಯನ್ನು ಬ್ರಿಜ್‌ನ ಕೆಳಗೆ ಒತ್ತಿ, ಇನ್ನೊಂದು ತುದಿಯನ್ನು ಕುಳಿಯೊಳಗೆ ಗುಂಡಿಯ ಬೆನ್ನಿಗೆ ಬೆಸೆದು, ತಂತಿಗಳನ್ನು ಮತ್ತೆ ಬಿಗಿದು, ಸ್ಪೀಕರಿಗೆ ಸಿಕ್ಕಿಸಿದೆ. ಸಣ್ಣಗೆ ಗುಂಯ್ ಇತ್ತು. ಅಕ್ಕನ ಅಂಗೈಯನ್ನು ತಂತಿಗಳ ಮೇಲಿಟ್ಟೆ. ನಿಂತುಹೋಯಿತು. ಅವಳು ಕೈ ತೆಗೆದಳು, ಬಂತು. ಇಟ್ಟಳು, ನಿಂತಿತು. ಬಹಳ ಹೊತ್ತು ಕೈ ಅಲ್ಲಿಯೇ ಇಟ್ಟುಕೊಂಡು ಕೂತಳು.

"ಅಣ್ಣಗ ನೀ ಹೇಳಬ್ಯಾಡ," ಎಂದಳು. "ನಾನ ಹೇಳ್ತೀನಿ. ಮಾತ ಕೊಟ್ಟಾಕಿ ನಾನು."

ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಯಲು ಹನಿ ಹಾಕಿಕೊಳ್ಳಬೇಕು ಎಂದರು. ಅಕ್ಕ, "ಹೌದ್ರಿ," ಎಂದಳು. ಮನೆಗೆ ಬಂದು ಅಣ್ಣನಿಗೆ ಫೋನು ಹಚ್ಚಿಕೊಡಲು ಹೇಳಿದಳು. "ಅಣ್ಣಾ, ಬರ್ತೀನಿ," ಎಂದಳು. ಆ ಕಡೆ ಅಣ್ಣ ಅಳುವುದು ನನಗೂ ಕೇಳಿಸಿತು. ಈ ದಿನವನ್ನು ಅವನೂ ಬಯಸಿರಲಿಲ್ಲ, ಹೆದರಿಕೊಂಡಿದ್ದ ಅಷ್ಟೇ.

ಕಲ್ಲೋಳಿ ಹಾದು ಟೆಂಪೋದಲ್ಲಿ ಅವಳ ಸಾಮಾನು ಮೂಡಲಗಿಗೆ ಹೋಯಿತು. ಬೋಗುಣಿ, ಬ್ರಷ್ಷುಗಳನ್ನು ಅವಳು ಹಾಕಿಸಲಿಲ್ಲ. ಒಣಗಿದ ಹಣ್ಣುಗಳನ್ನು ಓಣಿಯ ಮಕ್ಕಳಿಗೆ ಕೊಟ್ಟಳು. ಬಾಗಿಲು ಎಳೆದು ಕೀಲಿಯನ್ನು ತಾನೇ ಹಾಕಿದಳು. ಒಂದೇ ಸಲಕ್ಕೆ, ತಡಕಾಡದೆ.

ಮೂಡಲಗಿಯ ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಇಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಒಳ್ಳೆಯವಳು, ಅಚ್ಚುಕಟ್ಟು. ಕಾಲಿಗೆ ತಾಗಬಾರದೆಂದು ಕೊಡ, ಚಾಪೆ, ಚಪ್ಪಲಿ ಎಲ್ಲವನ್ನೂ ದಿನಾ ಎತ್ತಿ ಎತ್ತಿ ಬೇರೆ ಕಡೆ ಇಡುತ್ತಾಳೆ. ಅದು ಅಕ್ಕರೆ. ನಾನು ಹೋದಾಗ ಅಕ್ಕ ಗೋಡೆಗೆ ಒರಗಿ ಒಂದೇ ಜಾಗದಲ್ಲಿ ಕೂತಿದ್ದಳು. ಮುಂದೆ ಚಾಚಿದ ಕೈ, ಅಂದು ತಂಬಿಗೆ ಹುಡುಕಿದ ಹಾಗೆಯೇ, ಬರಿ ನೆಲ ಮುಟ್ಟಿ ನಿಂತಿತು. ಈ ಸಲ ಅವಳು ಯಾರನ್ನೂ ಬೈಯಲಿಲ್ಲ. ಕೈ ಹಿಂದೆ ತೆಗೆದುಕೊಂಡಳು.

ನಾನು ವೈನಿಗೆ ಹೇಳಿದೆ, ಕೊಡವನ್ನು ಇಟ್ಟಲ್ಲೇ ಇಡಿರಿ ಎಂದು. "ಅಯ್ಯ, ಎಡವಿ ಬಿದ್ದಗಿದ್ದಾರು," ಎಂದಳು. "ಬೀಳೂದಿಲ್ರಿ. ಅಲ್ಲೇ ಇದ್ದರ ಬೀಳೂದಿಲ್ಲ," ಎಂದೆ. ಅವಳು ತಲೆಯಾಡಿಸಿದಳು. ಹಾಗೆಯೇ ಇಡುತ್ತಾಳೋ ಇಲ್ಲವೋ ನಾನು ಕಂಡಿಲ್ಲ.

ಗಿಟಾರು ಹುಕ್ಕೇರಿಯ ಮನೆಯಲ್ಲಿದೆ. ಸುಮಾರಾಗಿ ಬಾರಿಸುತ್ತೇನೆ. ಹೆಂಡತಿ ಈಗ ಚೇಷ್ಟೆ ಮಾಡುವುದಿಲ್ಲ, ಅದೇ ನನಗೆ ಕೊರತೆ ಅನಿಸುತ್ತದೆ. ಕೆಳಗಿನ ಎಡ ಮೂಲೆಗೆ ಕೆಂಪು ಹಚ್ಚಿಸಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದರೆ ಕುಳಿಯೊಳಗಿನಿಂದ ಹುಣಸೆ ಬೀಜದ ವಾಸನೆ ಬರುತ್ತದೆ. ತೂತಿನ ಬಾಯ ಸುತ್ತ ಅವಳ ಹೆಬ್ಬೆರಳಿನ ಗೆರೆಗಳು ಅರ್ಧ ಉಳಿದಿವೆ.

ಅಕ್ಕ ಫೋನು ಮಾಡಿದಾಗ ಕಣ್ಣಿನ ಮಾತು ಆಡುವುದಿಲ್ಲ. ಊಟ ಆಯಿತೇ ಎಂದು ಕೇಳುತ್ತಾಳೆ, ಆಮೇಲೆ ಒಂದು ಮಾತು ತಪ್ಪದೆ ಕೇಳುತ್ತಾಳೆ.

"ಗುಂಯ್ ಅನ್ನೂದು ನಿಂತೈತೇನೋ?"

"ಕೈ ಇಟ್ಟರ ನಿಂದರತೈತಿ ಅಕ್ಕಾ."

"ಹಂಗಾರ ಕೈ ತಗೀಬ್ಯಾಡ," ಎನ್ನುತ್ತಾಳೆ. ಅವಳ ಹಿಂದೆ ವೈನಿ ಏನನ್ನೋ ಎತ್ತಿ ಇನ್ನೊಂದು ಕಡೆ ಇಟ್ಟ ಸದ್ದು ಕೇಳಿಸುತ್ತದೆ.